ಹಗ್ಗದ ಪಕ್ಕದ ಹುಳಗಳು

ಜೂನ್ 3, ಬೆಳಿಗ್ಗೆ

ಮತ್ತೆ ಅದೇ ಕೆಲಸ. ಪರದೆಯ ಮೇಲೆ ಒಂದೊಂದು ಹುಳಕ್ಕೂ ಒಂದೊಂದು ಚುಕ್ಕಿ, ಮುಂದಿನ ಫ್ರೇಮ್, ಮತ್ತೆ ಚುಕ್ಕಿ. ಸಾಸಿವೆಗಿಂತ ಸಣ್ಣ ಕೋಪೆಪಾಡ್‌ಗಳು. ಅಮ್ಮನ ಬಾಯಲ್ಲಿ "ನಿನ್ ಹುಳ". ಅವಕ್ಕೆ ಸಮುದ್ರದ ನೀರು ಜೇನಿನಷ್ಟು ಗಟ್ಟಿ. ಕಾಲಾಡಿಸುವುದು ನಿಲ್ಲಿಸಿದರೆ ನಿಂತಲ್ಲೇ ನಿಂತವು, ಕೂದಲೆಳೆಯಷ್ಟೂ ಮುಂದೆ ಜಾರುವುದಿಲ್ಲ. ಕಣ್ಣುರಿ.

ಲ್ಯಾಬಿನ ಮೇಡಂ ಒಂದು ಮೆಮೊರಿ ಕಾರ್ಡ್ ತಂದಿಟ್ಟರು. ತನಿಖೆಯವರು ವಾಪಸ್ ಕೊಟ್ಟದ್ದು. ಮಾರ್ಚ್ 11ರ ವಿಡಿಯೋ.

"ಹುಳ ಬಿಟ್ಟು ಅದ್ರಲ್ಲಿ ಏನೂ ಇಲ್ವಂತೆ. ನಿಮ್ಗೆ ಕಷ್ಟ ಆದ್ರೆ ಬೇರೆಯವ್ರಿಗೆ ಕೊಡ್ತೀನಿ."

ಬೇಡ ಎಂದೆ. ನನ್ನ ತಮ್ಮ ಕೊನೆಯ ಸಲ ನೀರಿಗಿಳಿದ ದಿನ. ತಳದಲ್ಲಿ ಕ್ಯಾಮೆರಾ ನೆಟ್ಟದ್ದು ಅವನೇ. ಬೇರೆಯವರು ಯಾಕೆ ನೋಡಬೇಕು?

ಜೂನ್ 4

ಡ್ರಾಯರಿನಲ್ಲಿದೆ. ಮುಟ್ಟಿಲ್ಲ.

ಜೂನ್ 9, ಮಧ್ಯಾಹ್ನ

ಶುರು ಮಾಡಿದೆ. ಮೊದಲ ಫ್ರೇಮಿನಲ್ಲೇ ಅವನ ಹೆಬ್ಬೆರಳು — ಲೆನ್ಸ್ ಒರೆಸುತ್ತಿದೆ. ಕಚ್ಚಿ ಕಚ್ಚಿ ಮೊಂಡಾದ ಉಗುರು. ಆರಡಿ ಆಳು, ಮನೆಯಲ್ಲಿ ಮಾತ್ರ ಪುಟ್ಟ. ಆಮೇಲೆ ಬರೀ ಹುಳಗಳು.

ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ.

ಜೂನ್ 10

ಬಡಿಸುತ್ತಾ ಅಮ್ಮ ಮತ್ತೆ ಕೇಳಿದಳು. "ಅವ್ನು ಕರೀಲೇ ಇಲ್ವೇನೇ?"

ನೂರನೇ ಸಲ ಅದೇ ಉತ್ತರ. ಹಗ್ಗದ ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ದೋಣಿಯಲ್ಲಿ ನನ್ನ ಕೈಗೆ. ಒಂದು ಜಗ್ಗು — ಚೆನ್ನಾಗಿದ್ದೇನೆ. ಮೂರು — ಎಳೆದುಕೋ. ಬಂದದ್ದು ಒಂದೇ. ಗಾಳಿಯ ಕೊಳವೆ ಕೈಕೊಟ್ಟಿತ್ತು, ತಕ್ಷಣ ಎಚ್ಚರ ತಪ್ಪಿರಬೇಕು ಎಂದು ತನಿಖೆಯವರು ಬರೆದರು. ನನ್ನ ಸಹಿಯೂ ಇದೆ.

"ಸದ್ಯ, ಹೆದರ್ಕೊಂಡಿಲ್ವಲ್ಲ ನನ್ ಮಗು," ಅಂದಳು. ಆ ಒಂದು ಮಾತು ಹಿಡಿದುಕೊಂಡೇ ಅವಳಿಗೆ ತುತ್ತು ಇಳಿಯುವುದು.

ಜೂನ್ 12, 11.40

ಹನ್ನೆರಡನೇ ನಿಮಿಷ. ತೇಲುತ್ತಿದ್ದ ಹುಳಗಳೆಲ್ಲ ಒಟ್ಟಿಗೆ ಛಂಗನೆ ಹಾರಿವೆ. ಚಿತ್ರ ಅಲುಗಿಲ್ಲ. ಆದರೆ ಅವುಗಳ ಮೀಸೆಗೆ ನೀರಿನ ಸಣ್ಣ ನಡುಕವೂ ತಿಳಿಯುತ್ತದೆ. ಹಗ್ಗ ಕ್ಯಾಮೆರಾದ ಪಕ್ಕದಲ್ಲೇ ಹಾದಿತ್ತು. ಹಾಗಾದರೆ ಇದೇ ಆ ಜಗ್ಗು... ನನ್ನ ಕೈಗೆ ಬಂದದ್ದು.

11.55

ಕೆಲವೇ ಸೆಕೆಂಡಿನಲ್ಲಿ ಮತ್ತೆ ಹಾರಿವೆ.

ಮತ್ತೆ.

ಜೂನ್ 13

ಮೀನು ಹಾದಿರಬಹುದು. ಮೀನೇ ಇರಬೇಕು.

ಅರ್ಧ ನಿಮಿಷ ಬಿಟ್ಟು ಮೂರು ಸಲ. ಮತ್ತೆ ಮೂರು. ಒಟ್ಟು ನಾಲ್ಕು ಬಾರಿ ಮೂರು ಮೂರು. ಯಾವ ಮೀನು ಹೀಗೆ ಲೆಕ್ಕ ಇಡುತ್ತದೆ? ಆಮೇಲೆ ಹುಳಗಳು ಹಾಯಾಗಿ ತೇಲುತ್ತಿವೆ.

ಜೂನ್ 17

ಮೊದಲ ಜಗ್ಗು ಬಂತು. ಸರಿ, ಚೆನ್ನಾಗಿದ್ದಾನೆ ಎಂದುಕೊಂಡೆ. ಹಗ್ಗವನ್ನು ಗಂಬೂಟಿನಡಿ ಒತ್ತಿಕೊಂಡು ನೀರಿನ ಮಾದರಿ ತುಂಬಿದ ಬಾಟಲಿಗೆ ಚೀಟಿ ಬರೆದೆ. ಎಲ್ಲರೂ ಹಾಗೇ ಮಾಡುತ್ತೇವೆ, ಇರುವುದು ಎರಡೇ ಕೈ. ಇವತ್ತು ಆ ಬಾಟಲಿ ಹುಡುಕಿ ತೆಗೆದೆ. ನನ್ನದೇ ದುಂಡು ಅಕ್ಷರ: 9.42. ವಿಡಿಯೋದ ಮೂಲೆಯ ಗಡಿಯಾರದಲ್ಲಿ ಹುಳಗಳು ಹಾರಿದ್ದೂ 9.42.

ಮೇಡಂಗೆ ಇಷ್ಟೇ ಹೇಳಿದೆ, ಮಧ್ಯೆ ನೀರು ಕಲಕಿದೆ ಎಂದು.

"ಕಲಕಿದ್ರೆ ಆ ಭಾಗ ಅಳ್ಸಿಬಿಡಿ. ಯಾವಾಗ್ಲೂ ಮಾಡೋದೇ ತಾನೆ?"

ಹೌದು. ಯಾರೂ ಕೇಳುವುದಿಲ್ಲ. ಒಂದು ಗುಂಡಿ ಒತ್ತಿದರೆ ಅಮ್ಮನ ಊಟ, ಅಮ್ಮನ ನಿದ್ದೆ ಉಳಿಯುತ್ತವೆ. ನನ್ನ ಮಾನವೂ.

ಜೂನ್ 18, ಸಂಜೆ

ಅಳಿಸಲಿಲ್ಲ. ಕಾರ್ಡನ್ನು ಮನೆಗೆ ತಂದೆ. ಪುಟ್ಟ ಇಟ್ಟ ಕ್ಯಾಮೆರಾದ್ದು ಎಂದೆ, ಅಷ್ಟೇ. ಅಮ್ಮ ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ಕೂತಿದ್ದಾಳೆ. ಹೆಬ್ಬೆರಳನ್ನು ಕಂಡ ಕೂಡಲೇ ಗುರುತು ಹಿಡಿದಳು.

"ಉಗುರು ನೋಡು ಕತ್ತೇದು!" ನಕ್ಕಳು. ಮೂರು ತಿಂಗಳಲ್ಲಿ ಮೊದಲ ಸಲ.

ಪರದೆ ನೋಡಲಾರೆ, ಅದಕ್ಕೇ ಬರೆಯುತ್ತಾ ಕೂತಿದ್ದೇನೆ. ಹನ್ನೊಂದನೇ ನಿಮಿಷ... ಹನ್ನೆರಡು.

"ಅದ್ಯಾಕೇ ಎಲ್ಲಾ ಒಟ್ಟಿಗೆ ಹಾರಿದ್ವು?"

"ಮತ್ತೆ ಹಾರಿದ್ವು ನೋಡೇ."

ಮೂರನೇ ಸಲಕ್ಕೆ ಅಮ್ಮ ಮಡಿಲಲ್ಲಿ ಬೆರಳು ಮಡಿಸುತ್ತಿದ್ದಾಳೆ. ಒಂದು, ಎರಡು, ಮೂರು. ನನ್ನ ಕಡೆ ತಿರುಗಿದಳು. "ಪುಟ್ಟ ಕರ್ದಿದ್ದ ಕಣೇ."