ಹಾರ್ವುಡ್ ದೊರೆ ಬೆಳೆಯಬಿಟ್ಟ ಮರಗಳು

ಪ್ರೀತಿಯ ವಿನ್ಸೆಂಟ್ ಅಂಕಲ್,

ಹೊಳೆಯ ದಡದ ಮರಗಳನ್ನು ಕಡಿದುಬಿಟ್ಟರು. ನೀವು ತೀರಿಕೊಂಡ ವರ್ಷವೇ. ಇದನ್ನು ನಿಮಗೆ ಹೇಗೆ ಹೇಳುವುದು ಎಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಆದರೆ ಆ ಮರಗಳು ಅಲ್ಲಿ ಯಾಕಿದ್ದವು ಅಂತ ಮಲೇಷ್ಯಾದ ಈ ನಿಲಾಯ್‌ನಲ್ಲಿ ನಿಮ್ಮನ್ನು ಬಿಟ್ಟರೆ ನಮ್ಮ ಮನೆಯವರಿಗಷ್ಟೇ ಗೊತ್ತಿತ್ತಲ್ಲ, ಇನ್ನು ಯಾರ ಹತ್ತಿರ ಹೇಳಲಿ?

ನಾವು ಮೈಸೂರಿನಿಂದ ಬಂದ ಹೊಸದರಲ್ಲಿ, ಮಾಮಕ್ ಅನ್ನುವ ಇಲ್ಲಿನ ಚಹಾದಂಗಡಿಯಲ್ಲಿ ನಾನು ಗಂಡ ಪ್ರಕಾಶನಿಗೆ ಕನ್ನಡದಲ್ಲಿ ಬೈಯುತ್ತಿದ್ದಾಗ ಪಕ್ಕದ ಮೇಜಿನಿಂದ ನಗು ಕೇಳಿಸಿತ್ತು. "ಸ್ವಲ್ಪ ಮೆಲ್ಲಗೆ ಬೈಯಿರಿ ಮಾರಾಯ್ರೆ, ನನಗೆ ಎಲ್ಲ ಅರ್ಥ ಆಗ್ತದೆ" ಅಂದಿರಿ. ಚಹಾ ಮುಗಿಯುವಷ್ಟರಲ್ಲಿ ನಿಮ್ಮ ಕಥೆಯೆಲ್ಲ ಗೊತ್ತಾಗಿತ್ತು. ಮಂಗಳೂರಿನಿಂದ ಹುಡುಗನಾಗಿ ಬಂದವರು, ರಬ್ಬರ್ ಎಸ್ಟೇಟಿನಲ್ಲಿ ಅಸಿಸ್ಟೆಂಟ್ ಆಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದವರು, ಲಿಲ್ಲಿ ಆಂಟಿ ಹೋದ ಮೇಲೆ ಒಬ್ಬರೇ ಇದ್ದವರು. ಮುಂದಿನ ಭಾನುವಾರ ಚರ್ಚು ಮುಗಿಸಿ ನಮ್ಮನ್ನು ಎಸ್ಟೇಟಿನ ಗುಡ್ಡಕ್ಕೆ ಕರೆದುಕೊಂಡು ಹೋದಿರಿ.

ಗುಡ್ಡದ ಮೇಲೆ ಸೂರು ಕುಸಿದ ಬಂಗಲೆ. ಅದರ ಹಿಂದೆ ಪಾಚಿ ಹಿಡಿದ ಸಮಾಧಿಗಳು. ಒಂದು ಗಂಡಸಿನದು, ಒಂದು ಹೆಂಗಸಿನದು, ನಡುವೆ ಒಂದು ಪುಟ್ಟದು. ನೀವು ಟೋಪಿ ತೆಗೆದು, ಕತ್ತಿಯಿಂದ ಬಳ್ಳಿ ಕಡಿಯುತ್ತಾ ಹೇಳಿದ್ದಿರಿ: ಈ ಎಸ್ಟೇಟನ್ನು ಕಾಡು ಕಡಿದು ಎಬ್ಬಿಸಿದ್ದು ಹಾರ್ವುಡ್ ಎಂಬ ಇಂಗ್ಲೆಂಡಿನವನು. ಈ ಭಾಗದಲ್ಲಿ ನೆಲೆ ನಿಂತ ಮೊದಲ ಬಿಳಿಯರಲ್ಲಿ ಒಬ್ಬ. ಕೆಲವು ವರ್ಷದ ಮೇಲೆ ಹೆಂಡತಿ ಈಡಿತ್‌ಳನ್ನೂ ಇಬ್ಬರು ಮಕ್ಕಳನ್ನೂ ಹಡಗಿನಲ್ಲಿ ಕರೆಸಿಕೊಂಡ. ಆಕೆಗೆ ಇಲ್ಲಿನ ಕತ್ತಲೆ ಕಾಡು ಉಸಿರು ಕಟ್ಟಿಸುತ್ತಿತ್ತಂತೆ.

"ಅವಳದ್ದು ನದಿ ಬದಿಯ ಊರು. ಜಗಲಿಯಲ್ಲಿ ಕೂತರೆ ನೀರು ಕಾಣ್ಬೇಕು ಅಂತ ಹೇಳಿದ್ಳಂತೆ. ಇವ ಹೊಳೆಯ ಎರಡೂ ಬದಿ ಮರ ಕಡಿಸಿದ. ಬಿಸಿಲು ಬಿದ್ದು ನೀರು ಕನ್ನಡಿಯ ಹಾಗೆ ಹೊಳೀತಿತ್ತಂತೆ."

ಆಮೇಲೆ ಜ್ವರ ಬಂತು. ಮೊದಲು ಮಗ ಆರ್ಥರ್. ಅವನ ಮಣ್ಣು ಒಣಗುವ ಮೊದಲೇ ಈಡಿತ್. ಮಗಳು ಮಾರ್ಗರೆಟ್‌ಳನ್ನು ಹಾರ್ವುಡ್ ಸಿಕ್ಕಿದ ಹಡಗಿಗೆ ಹತ್ತಿಸಿ ಇಂಗ್ಲೆಂಡಿಗೆ, ತನ್ನ ತಂಗಿಯ ಮನೆಗೆ ಕಳಿಸಿದ. ಮತ್ತೆ ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ. ಇದನ್ನೆಲ್ಲ ನಿಮಗೆ ಹೇಳಿದ್ದು ಆ ಮಾರ್ಗರೆಟ್ಟೇ. ನೀವಿನ್ನೂ ಹೊಸ ಅಸಿಸ್ಟೆಂಟ್ ಆಗಿದ್ದಾಗ ಮುದುಕಿಯಾಗಿ ಬಂದು, ಆ ಜಗಲಿಯಲ್ಲಿ ಕೂತು...

"ಅವನಿಗೆ ಗೊತ್ತಿತ್ತಾ ಅಂಕಲ್, ಜ್ವರ ಯಾಕೆ ಬಂತು ಅಂತ?" ಎಂದು ಕೇಳಿದ್ದೆ.

"ಆಗ ಗೊತ್ತಿರ್ಲಿಲ್ಲ. ಮತ್ತೆ ಒಬ್ಬ ಸರ್ಕಾರಿ ಡಾಕ್ಟರ್ ಬಂದು ಹೇಳಿದ. ಬಿಸಿಲು ಬೀಳುವ ಇಂಥ ತಿಳಿ ನೀರಲ್ಲೇ ಮಲೇರಿಯಾ ಸೊಳ್ಳೆ ಹುಟ್ಟುದು ಅಂತ. ಮಗಳಿಗೆ ಬರೆದನಂತೆ, ನಿನ್ನ ಅಮ್ಮನನ್ನು ಕೊಂದದ್ದು ನಾನೇ ಅಂತ. ದಡದಲ್ಲಿ ಪುನಃ ಕಾಡು ಬೆಳೀಲಿಕ್ಕೆ ಬಿಟ್ಟ. ಯಾರೂ ಮುಟ್ಟಬಾರ್ದು ಅಂತ ಹುಕುಂ. ಸಾಯುವವರೆಗೆ ಒಬ್ಬನೇ ಇಲ್ಲೇ ಇದ್ದ." ಆ ಹುಕುಂ ಒಬ್ಬ ಮ್ಯಾನೇಜರನಿಂದ ಇನ್ನೊಬ್ಬನಿಗೆ ದಾಟುತ್ತಾ ನಿಮ್ಮವರೆಗೂ ಬಂದಿತ್ತು. ಇಳಿಯುವಾಗ ನೀವು ಕೂಲಿಗಳ ಸಾಲುಮನೆಗಳ ಹಿಂದಿನ ಇಳಿಜಾರನ್ನೂ ತೋರಿಸಿದಿರಿ. ಹುಲ್ಲು ಮುಚ್ಚಿದ ದಿಬ್ಬಗಳು, ಕಣ್ಣು ಹಾಯುವವರೆಗೆ. ಅದೇ ಜ್ವರಕ್ಕೆ ಸತ್ತ, ತಮಿಳುನಾಡಿನಿಂದ ಬಂದ ಕೂಲಿಗಳ ಗೋರಿಗಳು. ಅವರ ಮಕ್ಕಳಿಗೆ ಹತ್ತಿಸಲು ಯಾವ ಹಡಗಿತ್ತು?

ಚರ್ಚಿನಲ್ಲಿ ನಿಮ್ಮ ವರ್ಷದ ಪೂಜೆ ಆಗುವ ಮೊದಲೇ ಎಸ್ಟೇಟು ಮಾರಾಟವಾಯಿತು. ನಮ್ಮ ಮನೆಯ ತಿರುವಿನಲ್ಲಿ ದೊಡ್ಡ ಬೋರ್ಡು ಬಂತು: 'ರಿವರ್ ವ್ಯೂ ಮನೆಗಳು'. ಯಂತ್ರದ ಸದ್ದು ಕೇಳಿ ನಾನು ಓಡಿಹೋದೆ. ಮರ ಉರುಳಿಸುತ್ತಿದ್ದ ಯಂತ್ರ ನಿಲ್ಲಿಸಿ ಚಾಲಕ ಇಳಿದು ಬಂದ. ಜಮಾಲ್, ಬಾಂಗ್ಲಾದೇಶದವನು, ನನ್ನದೇ ವಯಸ್ಸು. ನನ್ನ ಅರೆಬರೆ ಮಲಯ್‌ನಲ್ಲಿ ಹೊಳೆಯ ಕಥೆಯನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ಬಾಸ್ ಹೇಳಿದ ಕೆಲಸ, ಕಾಕಾ. ನಾನು ಬಿಟ್ಟರೆ ಇನ್ನೊಬ್ಬ ಬರ್ತಾನೆ" ಅಂದ. ಇಲ್ಲಿ ಕಾಕಾ ಅಂದರೆ ಅಕ್ಕ; ಹಾಗೆ ಕರೆದವನ ಮೇಲೆ ಹೇಗೆ ಸಿಟ್ಟು ಮಾಡಲಿ? ಅವನ ತಗಡಿನ ಶೆಡ್ಡು ಇದ್ದದ್ದೂ ಅದೇ ದಡದಲ್ಲಿ. ಕಂಪನಿಯ ಆಫೀಸಿಗೂ ಹೋದೆ. "ಮಲೇರಿಯಾನಾ? ಅದೆಲ್ಲ ಬ್ರಿಟಿಷರ ಕಾಲದ್ದು, ಮೇಡಂ" ಎಂದು ನಕ್ಕರು.

ಮಂಗಗಳು ಮೊದಲು ಬಂದವು. ಕಾಡು ಹೋಗಿತ್ತಲ್ಲ, ನಮ್ಮ ಛಾವಣಿಯ ಮೇಲೆ ಸಾಲಾಗಿ ಕೂರುತ್ತಿದ್ದವು. "ಅಮ್ಮಾ, ದೇ ಆರ್ ಜಸ್ಟ್ ವಾಚಿಂಗ್ ಅಸ್" ಎಂದು ಮಗಳು ಅನನ್ಯಾ ಕಿಟಕಿ ಮುಚ್ಚುತ್ತಿದ್ದಳು. ಪ್ರಕಾಶ ಮಾತ್ರ ಹೊಳೆ ಪಕ್ಕದ ಹೊಸ ದಾರಿಯಲ್ಲಿ ಸಂಜೆ ಓಡುವುದನ್ನು ಬಿಡಲಿಲ್ಲ. "ಕಥೆ ಕೇಳಿ ಹೆದರ್ಕೊಂಡು ಕೂತ್ಕೋತಾರೇನೇ?" ಅಂದ. ಒಂದು ಸಂಜೆ ಬಂದವನೇ ಚಳಿ ಎಂದ. ಈ ಊರಿನ ಸೆಕೆಯಲ್ಲಿ ಚಳಿ! ಹೊದಿಕೆಯ ಮೇಲೆ ಹೊದಿಕೆ ಹಾಕಿದರೂ ಮಂಚ ಗಡಗಡ ಅಲುಗುತ್ತಿತ್ತು.

ಪಕ್ಕದ ಪಟ್ಟಣ ಸೆರೆಂಬಾನಿನ ಆಸ್ಪತ್ರೆಯ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಡೆಂಗ್ಯೂ ಅಲ್ಲ ಎಂದು ಗೊತ್ತಾದ ಕೂಡಲೇ ಕೇಳಿದಳು, "ಮನೆ ಹತ್ತಿರ ಕಾಡಿದೆಯಾ? ಮಂಗ ಬರುತ್ತಾ?" ಕಾಡಿತ್ತು, ಈಗ ಮಂಗಗಳಿವೆ ಎಂದೆ. ರಕ್ತದಲ್ಲಿ ಮಲೇರಿಯಾ ಇತ್ತು. ಮಂಗಗಳಿಂದ ಸೊಳ್ಳೆ, ಸೊಳ್ಳೆಯಿಂದ ಮನುಷ್ಯ. ಹಾರ್ವುಡ್‌ನ ಕಾಲದ್ದೇ ಸೊಳ್ಳೆಯೋ ಬೇರೆಯೋ, ನನಗೆ ತಿಳಿಯದು. ಐಸಿಯುವಿನ ಹೊರಗೆ ಕೂತು ಈಡಿತ್‌ಳನ್ನು ನೆನೆದೆ. ಮಗನ ಹಣೆ ಮುಟ್ಟಿ ನೋಡುತ್ತಾ ಆಕೆ ಆ ಹೊಳೆಯುವ ನೀರನ್ನು...

ಪ್ರಕಾಶ ಉಳಿದುಕೊಂಡ, ಅಂಕಲ್. ಸೊರಗಿದ್ದಾನೆ, ಆದರೆ ಮನೆಯಲ್ಲಿದ್ದಾನೆ.

ಅವನನ್ನು ಕರೆತರಲು ಹೋದ ದಿನವೇ ಎದುರಿನ ಹಾಸಿಗೆಗೆ ಜಮಾಲ್‌ನನ್ನು ತಂದರು. ಜ್ವರ ಬಂದರೂ ಶೆಡ್ಡಿನಲ್ಲೇ ಮಲಗಿದ್ದನಂತೆ. ನನ್ನನ್ನು ಗುರುತು ಹಿಡಿದು "ಕಾಕಾ" ಅಂದ. ಆಮೇಲೆ ಕಣ್ಣು ತೆರೆದಿಲ್ಲ. ಅಂದಿನಿಂದ ದಿನವೂ ಹೋಗುತ್ತಿದ್ದೇನೆ. ನಿನ್ನೆ ಅವನ ಶೆಡ್ಡಿನವರನ್ನೇ ಇನ್ನಿಬ್ಬರನ್ನು ತಂದರು. ಕಂಪನಿಯವರು ಫೋನು ಎತ್ತುತ್ತಿಲ್ಲ. ಗುಡ್ಡದ ಕೆಳಗೆ ಮೊದಲ ಸಾಲಿನ ಮನೆಗಳ ಕಿಟಕಿಗಳಿಗೆ ಪರದೆಗಳು ಬಂದಿವೆ, ಜನ ವಾಸಕ್ಕೆ ಬರುತ್ತಿದ್ದಾರೆ.

ಇವತ್ತು ಮಧ್ಯಾಹ್ನ ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಆ ಡಾಕ್ಟರ್ ವಾರ್ಡಿನಿಂದ ಬಂದಳು. ಮುಖದ ಮಾಸ್ಕ್ ಕೆಳಗಿಳಿಸಿ, ಖಾಲಿ ಬೆಂಚುಗಳನ್ನೆಲ್ಲ ಒಮ್ಮೆ ನೋಡಿದಳು.

"ಜಮಾಲ್ ಕಡೆಯವರು ಯಾರಾದರೂ ಇದ್ದಾರಾ?"

ನಾನಿದ್ದೇನೆ ಎಂದು ಎದ್ದೆ.

ನಿಮ್ಮ
ಸುಮಾ