ಆರನೇ ಕೋರ್ಟಿನ ಗೆರೆ

ನೇಡೀನ್,

ಮೊದಲು ‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ಇಷ್ಟು ವರ್ಷ ಬೇಲಿಯ ಆಚೆ ಈಚೆ ನಿಂತು ಕಣ್ಣು ಕೆಕ್ಕರಿಸಿಕೊಂಡವರ ನಡುವೆ ಆ ಪದ ಇದ್ದಕ್ಕಿದ್ದಂತೆ ಬಂದರೆ ನಿನಗೂ ಅನುಮಾನ ಬರುತ್ತದೆ.

ನಿನ್ನ ತಂಡದ ಹುಡುಗಿ ಬ್ರಿನ್ ನಿನ್ನೆ ನನ್ನ ಆಫೀಸಿಗೆ ಬಂದಿದ್ದಳು. ತಮ್ಮ ಕಾಲೇಜು ಹೆಣ್ಣುಮಕ್ಕಳ ಟೆನಿಸ್ ತಂಡವನ್ನೇ ಮುಚ್ಚಿಬಿಟ್ಟಿತು, ನಿಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಳು. ನನ್ನ ಕಿವಿ ನೆಟ್ಟಗಾಯಿತು. ಕ್ಯಾನ್ಸಸ್‌ನಲ್ಲಿ ಬೇರೆ ಕಾಲೇಜುಗಳಿಗೆ ಬರವೇ? ಹೋದ ವಸಂತದಲ್ಲಿ ಯಾರ ಎದುರು ಗೆದ್ದ ಪಂದ್ಯವನ್ನು ಕೈಯಾರೆ ಬಿಟ್ಟುಕೊಟ್ಟಳೋ ಅವರ ಬಾಗಿಲಿಗೇ ಏಕೆ ಬಂದಳು? ನೇಡೀನ್ ಶ್ರಾಗ್ ಮತ್ತೇನೋ ಹೂಡಿದ್ದಾಳೆ ಎಂದುಕೊಂಡೆ.

ಹಾಗೆ ಅಂದುಕೊಳ್ಳಲು ನನಗೆ ಕಾರಣಗಳಿವೆ. ನೀನು ಹೆಡ್ ಕೋಚ್ ಆದ ವರ್ಷವೇ ನಾನೂ ಆದೆ. ಹೆಡ್ ಕೋಚ್ ಅಂತ ಹೆಸರಿಗಷ್ಟೇ. ವ್ಯಾನ್ ಓಡಿಸುವವಳು ನಾನೇ, ರ‍್ಯಾಕೆಟ್ಟಿಗೆ ತಂತಿ ಕಟ್ಟುವವಳು ನಾನೇ, ಯಾವಳಿಗೋ ಪ್ರೇಮ ಕೈಕೊಟ್ಟರೆ ಪಾರ್ಕಿಂಗ್ ಜಾಗದಲ್ಲಿ ಕೂತು ಅವಳ ಮೂಗು ಒರೆಸುವವಳೂ ನಾನೇ. ನಿನ್ನ ಪಾಡೂ ಅದೇ ಆಗಿತ್ತು, ಬಲ್ಲೆ.

ನಮ್ಮ ಮೊದಲ ಪಂದ್ಯ ನೆನಪಿದೆಯಾ? ಆರು ಜನ ಆಟಗಾರ್ತಿಯರನ್ನು ಬಲದ ಕ್ರಮದಲ್ಲಿ ಬರೆದು ಇಬ್ಬರು ಕೋಚ್‌ಗಳೂ ಒಂದೇ ಸಲ ಚೀಟಿ ಬದಲಿಸಿಕೊಳ್ಳಬೇಕು. ಸೋಲುವವಳನ್ನು ಮೇಲಿನ ಸ್ಥಾನದಲ್ಲಿ ಬಲಿಕೊಟ್ಟು, ಗಟ್ಟಿಗಿತ್ತಿಯರನ್ನು ಕೆಳಗಿಳಿಸಿ ಗೆಲುವು ಬಾಚಿಕೊಳ್ಳುವ ಕಳ್ಳಾಟ ನಮ್ಮ ಕಸುಬಿನಲ್ಲಿ ಯಾರಿಗೆ ಗೊತ್ತಿಲ್ಲ? ನಿನ್ನ ಚೀಟಿಯನ್ನು ನಾನು ಬಿಸಿಲಿಗೆ ಹಿಡಿದು ನೋಡಿದೆ. ನೀನು ನಕ್ಕು, “ಏನಮ್ಮಾ ವರ್ನಾ, ನೋಟು ಅಸಲಿಯೋ ನಕಲಿಯೋ ಅಂತ ನೋಡ್ತಿದ್ದೀಯಾ?” ಅಂದೆ. ಅಷ್ಟು ಸಲೀಸಾಗಿ ನಗುವವರನ್ನು ನಾನು ಅಂದಿನಿಂದಲೂ ನಂಬಿಲ್ಲ.

ಮತ್ತೆ ನಿಮ್ಮ ಆ ಆರನೇ ಕೋರ್ಟ್. ಉಳಿದ ಐದಕ್ಕೂ ಬೇಲಿಯ ಮೇಲೆ ಗಾಳಿ ತಡೆಯುವ ಹಸಿರು ಪರದೆ. ಗೋಧಿ ಹೊಲದ ಕಡೆಗಿದ್ದ ಅದೊಂದಕ್ಕೆ ಮಾತ್ರ ಹರಿದ ಪರದೆ. ಅಲ್ಲಿ ಚೆಂಡು ಮೇಲಕ್ಕೆ ಹಾರಿದರೆ ಎಲ್ಲಿ ಇಳಿಯುತ್ತದೆಂದು ದೇವರಿಗೇ ಗೊತ್ತು. ನಿನ್ನ ಹುಡುಗಿಯರಿಗೆ ರೂಢಿಯಾಗಿರುತ್ತದೆ, ನನ್ನವರು ತಡಬಡಾಯಿಸಲಿ ಎಂದು ಬೇಕಂತಲೇ ಹೊಲಿಸಿಲ್ಲ ಎಂದುಕೊಂಡೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ.

ಇನ್ನು ನಿನ್ನ ಬೀರಾಕ್‌ಗಳು! ಎಲೆಕೋಸು, ಮಾಂಸ, ಈರುಳ್ಳಿ ತುಂಬಿ ಸುಟ್ಟ ಆ ಬನ್ನುಗಳನ್ನು ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ತಂದು, “ತಿನ್ರೇ ಮಕ್ಳಾ, ದೂರದಿಂದ ಬಂದಿದ್ದೀರಾ” ಎಂದು ನನ್ನ ಹುಡುಗಿಯರಿಗೆ ಹಂಚುತ್ತಿದ್ದೆ. ಅದೂ ಯಾವಾಗ? ಪಂದ್ಯಕ್ಕೆ ಮೊದಲು! ಹೊಟ್ಟೆ ಭಾರವಾದರೆ ಕಾಲು ಓಡುತ್ತದೆಯೇ? ನಾನು ಬುಟ್ಟಿ ಕಿತ್ತುಕೊಂಡು ವ್ಯಾನಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ತಣ್ಣಗಾದ ಮೇಲೆ ತಿನ್ನುತ್ತಿದ್ದೆವು. ರುಚಿಯಾಗಿರುತ್ತಿದ್ದವು, ಅದು ಬೇರೆ ಮಾತು.

ಈಗ ಹೋದ ವಸಂತದ ಆ ಫೈನಲ್‌ಗೆ ಬರುತ್ತೇನೆ. ನಿಮ್ಮ ಅಂಗಳದಲ್ಲೇ ನಡೆದದ್ದು. ಜೋಡಿ ಆಟಗಳಿಗೆ ಸಿಗುವ ಒಂದು ಅಂಕವೂ ಸೇರಿ ಮೂರು-ಮೂರು ಸಮ. ಉಳಿದದ್ದು ಆರನೇ ಕೋರ್ಟ್ ಒಂದೇ, ನಿನ್ನ ಬ್ರಿನ್, ನನ್ನ ಡ್ಯಾನಿಕಾ. ಎರಡೂ ತಂಡಗಳು ಬೇಲಿಗೆ ಅಂಟಿಕೊಂಡಿದ್ದವು. ಇನ್ನೊಂದು ಪಾಯಿಂಟ್ ಬಂದಿದ್ದರೆ ಕಪ್ ನಿಮ್ಮದು. ಡ್ಯಾನಿಕಾ ಹೊಡೆದ ಚೆಂಡು ನಿಮ್ಮ ಕಡೆಯ ಹಿಂಗೆರೆಯ ಹತ್ತಿರ ಬಿತ್ತು. ನಮ್ಮಂಥ ಸಣ್ಣ ಕಾಲೇಜುಗಳ ಆಟದಲ್ಲಿ ಗೆರೆ ಕಾಯಲು ಯಾರೂ ಇಲ್ಲ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಡುವವಳೇ ಹೇಳಬೇಕು. ಬ್ರಿನ್ ಬೆರಳೆತ್ತಿ “ಔಟ್!” ಎಂದು ಕೂಗಿದಳು. ನಿಮ್ಮವರು ಕಿರುಚುತ್ತಾ ಒಳಗೆ ನುಗ್ಗಿದರು.

ನಾನು ಈ ತುದಿಯಲ್ಲಿದ್ದೆ, ನನಗೇನೂ ಕಂಡಿರಲಿಲ್ಲ. ಆದರೂ ಜಗಳಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು ಹುಡುಗಿಯನ್ನು ಬೇಲಿಯ ಹತ್ತಿರ ಕರೆದು ಏನೋ ಪಿಸುಗುಟ್ಟಿದೆ. ಅವಳು ಹಿಂತಿರುಗಿ ಬಂದಾಗ ಮುಖ ಬಿಳಿಚಿಕೊಂಡಿತ್ತು. “ಚೆಂಡು ಒಳಗಿತ್ತು. ತಪ್ಪು ನಂದು” ಅಂದಳು. ನಿಯಮದ ಪ್ರಕಾರ ಪಾಯಿಂಟ್ ನಮಗೆ. ಆಮೇಲೆ ಅವಳು ಹೊಡೆದ ಚೆಂಡೆಲ್ಲ ಬಲೆಗೇ ಬಿತ್ತು. ಡ್ಯಾನಿಕಾ ಗೆದ್ದಳು, ಕಪ್ ನಮ್ಮ ವ್ಯಾನ್ ಹತ್ತಿತು.

ಹೊಗಳಿಕೆಯೆಲ್ಲ ನಿನಗೆ! ನನ್ನ ಗಂಡ ಲೋವೆಲ್ ಊಟಕ್ಕೆ ಕೂತು, “ಗೆದ್ದೋಳು ನೀನು, ಹೆಸರು ಬಂದಿದ್ದು ಅವಳಿಗೆ. ಮಜವಾಗಿದೆ ಕಣೇ!” ಎಂದು ನಕ್ಕ. ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ. ನಿವೃತ್ತಿಗೆ ಮೊದಲು ದೇವತೆ ಎನ್ನಿಸಿಕೊಳ್ಳುವ ಆಸೆಗೆ ಆ ಮಗುವಿನ ಗೆಲುವನ್ನು ಕಿತ್ತು ನನಗೆ ಭಿಕ್ಷೆ ಹಾಕಿದೆ ಎಂದುಕೊಂಡೆ. ಕಪ್ಪನ್ನು ಕಪಾಟಿನಲ್ಲಿ ಗೋಡೆಗೆ ಮುಖ ಮಾಡಿ ಇಟ್ಟೆ. ಅದು ಗೆದ್ದದ್ದೋ ಬೇಡಿ ತಂದದ್ದೋ ತಿಳಿಯದೆ ಬೇಸಿಗೆಯಿಡೀ ಅದರತ್ತ ನೋಡಲಾಗಲಿಲ್ಲ.

ಅದಕ್ಕೇ ನಿನ್ನೆ ಬ್ರಿನ್‌ಳನ್ನು ಕೂರಿಸಿ ಬಾಗಿಲು ಹಾಕಿದೆ. “ಬೇಲಿ ಹತ್ರ ನಿನ್ನ ಕೋಚ್ ಏನಂದ್ಳು? ಸುಳ್ಳು ಹೇಳಿದ್ಯೋ, ಬಂದ ದಾರಿ ಹಿಡೀಬೇಕಾಗುತ್ತೆ” ಅಂದೆ.

“ಜಾಸ್ತಿ ಏನೂ ಅನ್ಲಿಲ್ಲ ಕೋಚ್. ‘ಆಚೆ ಬಿದ್ದಿದ್ದು ನೋಡಿದ್ಯಾ, ಇಲ್ಲಾ ಆಚೆ ಬೀಳ್ಲಿ ಅಂತ ಆಸೆಪಟ್ಯಾ? ನೀನು ಏನಂದ್ರೂ ನಾನು ನಿನ್ನ ಕಡೆ’ ಅಂದ್ರು, ಅಷ್ಟೇ. ಬಿಸಿಲು ಕಣ್ಣಿಗೆ ಹೊಡೀತಿತ್ತು. ನಂಗೆ ಗೆರೇನೇ ಕಂಡಿರ್ಲಿಲ್ಲ.”

ಸರಿಯಾಗಿ ಕಾಣದ ಚೆಂಡಿನ ಪಾಯಿಂಟ್ ಎದುರಾಳಿಯದು. ಅದು ನೀನು ಹಾಕಿದ ಭಿಕ್ಷೆಯಲ್ಲ, ನಮ್ಮ ಆಟದ ಪದ್ಧತಿ. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಹುಡುಗಿಯ ಕಣ್ಣು ತುಂಬಿತು. “ಕಪ್ ಬಂದಿದ್ರೆ ಟೀಮ್ ಮುಚ್ತಿರ್ಲಿಲ್ಲ ಅಂತ ಕಾಲೇಜಿನ ಅಧ್ಯಕ್ಷರು ಆಮೇಲೆ ಹೇಳಿದ್ರು. ಕೋಚ್‌ಗೆ ಚಳಿಗಾಲದಲ್ಲೇ ಗೊತ್ತಿತ್ತಂತೆ. ನಮಗ್ಯಾರಿಗೂ ಬಾಯೇ ಬಿಡ್ಲಿಲ್ಲ.”

ನೇಡೀನ್, ನೀನು ಕಟ್ಟಿ ಬೆಳೆಸಿದ್ದೆಲ್ಲ ಆ ಒಂದು ಗೆರೆಯ ಮೇಲೆ ನಿಂತಿತ್ತು. ಸುಮ್ಮನಿದ್ದಿದ್ದರೆ ಸಾಕಿತ್ತು, ಉಳಿಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ನಾನೊಬ್ಬಳು ಅರಚಾಡಿ ಸುಮ್ಮನಾಗುತ್ತಿದ್ದೆ. ನೀನು ಸುಮ್ಮನಿರಲಿಲ್ಲ. ತಂಡದ ಅಳಿವು ಉಳಿವನ್ನು ಆ ಮಗುವಿನ ಹೆಗಲಿಗೆ ಹೊರಿಸಲೂ ಇಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು. ಇವಳ ಮುಂದೆ ಅಳಬಾರದೆಂದು ಕಿಟಕಿ ಮುಚ್ಚುವ ನೆಪದಲ್ಲಿ ಎದ್ದೆ.

ಕಡೆಯ ಅನುಮಾನವೊಂದು ಉಳಿದಿತ್ತು. “ನಿನ್ನನ್ನ ಇಲ್ಲಿಗೆ ಯಾರು ಕಳಿಸಿದ್ದು?” ಎಂದು ಕೇಳಿದೆ.

“ಕೋಚೇ ಕಳಿಸಿದ್ದು. ‘ವರ್ನಾ ಹತ್ರ ಹೋಗು. ಅವಳಿಗೆ ತನ್ನ ನೆರಳಿನ ಮೇಲೂ ಅನುಮಾನ. ಆದ್ರೆ ಇಷ್ಟು ವರ್ಷದಲ್ಲಿ ಅವಳ ಹುಡುಗೀರು ನಮ್ಮಿಂದ ಒಂದು ಚೆಂಡನ್ನೂ ಕದ್ದಿಲ್ಲ’ ಅಂದ್ರು.”

ಅಲ್ಲ ಕಣೇ, ಈ ಮಾತನ್ನು ನನ್ನ ಮುಖಕ್ಕೆ ಒಮ್ಮೆಯಾದರೂ ಹೇಳಬಾರದಿತ್ತೇ? ಹೇಳಿದ್ದರೆ ನಂಬುತ್ತಿದ್ದೆನೋ ಇಲ್ಲವೋ, ಬೇರೆ ಮಾತು. ಹೇಳಬೇಕಿತ್ತು.

ಬ್ರಿನ್‌ಳನ್ನು ಸೇರಿಸಿಕೊಂಡಿದ್ದೇನೆ. ಅವಳು ಹೋದ ಮೇಲೆ ಕಪ್ಪನ್ನು ಮುಂದಕ್ಕೆ ತಿರುಗಿಸಿಟ್ಟೆ. ಇನ್ನು ನಿನ್ನ ವಿಷಯ. ನನ್ನ ಸಹಾಯಕಿ ಮದುವೆಯಾಗಿ ಹೋದಳು, ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇದೆ. ಮನೆಯಲ್ಲಿ ಕೂತು ನೀನು ಏನು ಹೂಡುತ್ತೀಯೋ ಎಂದು ದೂರದಿಂದ ಅನುಮಾನಪಟ್ಟು ನನಗೂ ಸುಸ್ತಾಗಿದೆ. ಬಂದು ನನ್ನ ಪಕ್ಕದಲ್ಲೇ ಕೂತುಕೋ, ಕಣ್ಣಿಡಲು ನನಗೂ ಸುಲಭ.

ಬರುವಾಗ ಬೀರಾಕ್ ತಾ. ಮೊದಲನೆಯದನ್ನು ನನ್ನೆದುರಿಗೇ ನೀನು ತಿಂದು ತೋರಿಸಬೇಕು.

ನಿನ್ನ ಮೊಣಕಾಲು ನೋವು ಇಳಿಯಲಿ. ಬಹುಕಾಲ ಗಟ್ಟಿಯಾಗಿರು, ನನ್ನ ಕಣ್ಣೆದುರಿಗೇ ಇರು.

ಪ್ರೀತಿಯ (ಈ ಸಲ ಹೊಡೆದುಹಾಕಿಲ್ಲ, ಬೇಕಾದರೆ ಬಿಸಿಲಿಗೆ ಹಿಡಿದು ನೋಡು)
ವರ್ನಾ