ಮರಿ ಹಿಡಿದವಳ ಜಿಗಿತ

ವೇದಿಕೆಯ ಮೇಲಿನ ಗಣ್ಯರೇ, ಕೆಳಗೆ ಬಿಸಿಲಲ್ಲಿ ಕುಳಿತ ನಗಣ್ಯರೇ, ಉದ್ದಜಿಗಿತಕ್ಕೆ ಬೇಕಾದ ಬಲ, ರಭಸ, ಚುರುಕು ಎಂಬ ಘನ ವಿಷಯದ ಮೇಲೆ ಈಗ ಎರಡು ಮಾತು. ಮೂರನೆಯದು ನಿನಗೆ, ತೀರಿಹೋಗಿ ವರ್ಷವಾದರೂ ನನ್ನ ಕಿವಿ ಹಿಂಡುವುದನ್ನು ಬಿಡದ ಗೆಳೆಯ ದಸ್ತಗೀರಾ.

ಕುಲಗೋಡದ ಸಾಲಿಗೆ ನೀನು ಆಟದ ಮಾಸ್ತರನಾಗಿ ಬಂದ ವರ್ಷ ನೆನಪಿದೆಯೇ? ಕಾಲಿಗೆ ಬಲ ಬರಲೆಂದು ಹುಡುಗಿಯರ ಹೆಗಲಿಗೆ ಕಬ್ಬಿನ ಹೊರೆ ಹೊರಿಸಿ, ಕೂರಿಸಿ ಏಳಿಸಿದೆ. ತೊಡೆಗಳೇನೋ ಗಟ್ಟಿಯಾದವು. ಆದರೆ ಓಡಿ ಬಂದವರು ಕಾಲೂರಿ ಹಾರುವ ಹಲಗೆಯ ಮುಂದೆ ಎತ್ತಿನ ಗಾಡಿಯ ಹಾಗೆ ನಿಂತು, ವಿಚಾರ ಮಾಡಿ, ಆಮೇಲೆ ಜಿಗಿಯುತ್ತಿದ್ದರು. ಕನ್ನಡ ಮಾಸ್ತರನಾದ ನಾನು ಸುಮ್ಮನಿರಲಾರದೆ ಅಂದೆ, "ಹೊರೆ ಹೊತ್ತರ ಬಂತು ಬಲ, ಆದ್ರೂ ಬಿಡವಲ್ದು ನೆಲ!"

"ನಿನ್ನ ಕವಿತಾ ಓದಿ ತೋರ್ಸು. ಹುಡುಗ್ಯಾರು ಜೋರ ಓಡತಾರ," ಅಂದೆ ನೀನು.

ಮರುದಿನ ನೀನು ಎಲ್ಲರನ್ನೂ ಸಿದ್ದಪ್ಪನ ಕುರಿದಡ್ಡಿಗೆ ಅಟ್ಟಿದೆ. ಬೇಲಿ ಮುಟ್ಟದೆ ಮರಿ ಹಿಡಿಯಬೇಕು. ಮರಿ ತಟ್ಟನೆ ತಿರುಗಿದರೆ ಹುಡುಗಿಯೂ ತಿರುಗಬೇಕು. ಸಿದ್ದಪ್ಪ ಹೌಹಾರಿದ.

"ಸರ್, ನನ್ನ ಮರಿ ಸೊರಗತಾವ್ರಿ!"

"ಸೊರಗಂಗಿಲ್ಲೋ, ಅವೂ ಜಿಲ್ಲಾಕ್ಕ ಆಡಾಕ ಹೋಗತಾವು," ಅಂದೆ ನೀನು.

ಮೊದಲು ಮರಿ ಹಿಡಿದವಳು ನಿನ್ನ ಮಗಳು ಸಲ್ಮಾ. ಆವತ್ತಿನ ನಿನ್ನ ಮುಖ...

ನೀನು ಹೋದ ಮೇಲೆ ಅವಳು ಉಸುಕಿನ ತಗ್ಗಿನ ಕಡೆ ತಿರುಗಿಯೂ ನೋಡಲಿಲ್ಲ. ಹೋದ ವಾರ ತಾನಾಗಿಯೇ ಮನಿಗೆ ಬಂದಳು. "ಕಾಕಾ, ಹುಕ್ಕೇರ್ಯಾಗ ಜಿಲ್ಲಾ ತಂಡಕ್ಕ ಆರಿಸಾಕತ್ತಾರಂತ. ಹೋಗತೇನಿ. ಆಗಲಿಲ್ಲಂದ್ರ ಈ ಬೂಟು ಯಾರಿಗರ ಕೊಟ್ಟುಬಿಡ್ರಿ, ನಾ ಇನ್ನ ಜಿಗ್ಯಾಂಗಿಲ್ಲ." ನೀನಾದರೆ ಏನು ಹೇಳುತ್ತಿದ್ದೆ?

ನಿನ್ನೆ ಹುಕ್ಕೇರಿಯ ಮೈದಾನದಲ್ಲಿ ಹಲಗೆಯ ಬಾಜೂ ಬಾವುಟ ಹಿಡಿದು ಕೂರುವ ಕೆಲಸ ನನ್ನ ಪಾಲಿಗೇ ಬಂತು. ಎರಡು ಸಲ ಅವಳ ಕಾಲ್ಬೆರಳು ಹಲಗೆ ದಾಟಿತು. ಎರಡು ಸಲವೂ ತಪ್ಪೆಂದು ಕೆಂಪು ಬಾವುಟ ಎತ್ತಿದೆ. ಉಳಿದದ್ದು ಒಂದೇ ಜಿಗಿತ. ಓಡಿ ಬಂದಳು, ಹಾರಿದಳು, ಎಷ್ಟು ಹಗುರಾಗಿ ಅಂತೀ... ಬಿಳಿ ಬಾವುಟ ಎತ್ತಿದೆ. ದಸ್ತು, ನಿನ್ನ ಮಗಳು ಜಿಲ್ಲಾ ತಂಡದಲ್ಲಿದ್ದಾಳೆ. ಅವಳ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದರು.

ಭಾಷಣವೂ ಇಲ್ಲ, ಸಭೆಯೂ ಇಲ್ಲ, ನಾನೊಬ್ಬನೇ ಕೂತಿದ್ದೇನೆ. ಬೇರೆ ಯಾರಿಗೂ ಹೇಳಿಲ್ಲ. ಆ ಕೊನೆಯ ಜಿಗಿತದಲ್ಲಿ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹಲಗೆಯ ಮೇಲೆ ಕಾಲು ಎಲ್ಲಿ ಬಿತ್ತೋ, ನೋಡಲೇ ಇಲ್ಲ.